ಸೊಂಟದ ಎಂಆರ್‌ಐ: ತಾಳೆ ನೋಡುವ ಕೆಲಸ ರಿಪೋರ್ಟಿನಲ್ಲೇ

"ಕ್ಲಿನಿಕಲ್ ಕೊರಿಲೇಷನ್ ಅಗತ್ಯ" ಎಂಬ ಸಾಲನ್ನು, ಅಂದರೆ ಚಿತ್ರವನ್ನು ರೋಗಿಯ ಲಕ್ಷಣದೊಂದಿಗೆ ನೀವೇ ತಾಳೆ ನೋಡಿಕೊಳ್ಳಿ ಎಂಬುದನ್ನು, ಸೊಂಟದ ಎಂಆರ್‌ಐ ರಿಪೋರ್ಟುಗಳಿಂದ ಪೂರ್ತಿ ತೆಗೆದಿದ್ದೇನೆ. ಇದು ನಡೆಯೋದಲ್ಲ, ಕೋರ್ಟು ಹತ್ತಬೇಕಾಗುತ್ತೆ ಅಂದವರೇ ಹೆಚ್ಚು. ಈಗ ಸುತ್ತಲಿನ ಮೂಳೆ ಡಾಕ್ಟರುಗಳು ಇದೇ ನಮೂನೆ ಬೇಕೆಂದು ಕೇಳಿ ಕಳಿಸುತ್ತಾರೆ.

ರೋಗಿಯ ಲಕ್ಷಣ ತುಂಬಿ ಕಳಿಸಿ ಎಂದು ಡಾಕ್ಟರುಗಳಿಗೆ ಮೊದಲು ಮಾಡಿಸಿದ ಎರಡು ಪುಟದ ಫಾರಂ ದಂಡ. ಪ್ರಿಂಟಿಗೆ ಮೂರು ಸಾವಿರದ ಹತ್ತಿರ ಹೋಯಿತು; ತುಂಬಿ ಬಂದದ್ದು "ಎಲ್‌ಬಿಎ" (ಸೊಂಟನೋವು) ಎಂಬ ಮೂರಕ್ಷರ ಮಾತ್ರ. ಈಗಿರುವುದು ಅಂಗೈಯಗಲದ ಚೀಟಿ. ಯಾವ ಕಾಲು, ನೋವು ಮಂಡಿ ದಾಟುತ್ತದೆಯೇ, ಕಾಲಿನ ಹೆಬ್ಬೆರಳು ಮೇಲೆತ್ತುವ ಬಲ, ಮಂಡಿ ಮತ್ತು ಹಿಮ್ಮಡಿಯ ರಿಫ್ಲೆಕ್ಸ್, ಎಸ್‌ಎಲ್‌ಆರ್ (ಮಲಗಿಸಿ ಕಾಲನ್ನು ನೇರವಾಗಿ ಎತ್ತುವ ಪರೀಕ್ಷೆ) ಎಷ್ಟು ಡಿಗ್ರಿ, ಮೂತ್ರ ಕಟ್ಟಿದೆಯೇ. ಕೊನೆಯದಕ್ಕೆ ಹೌದು ಅಂದರೆ ರಿಪೋರ್ಟಿಗೆ ಮೊದಲೇ ಫೋನ್. ಖಾಲಿ ಬಂದರೆ ನಾನೇ ಪರೀಕ್ಷಿಸುತ್ತೇನೆ, ಮೂರು ನಾಲ್ಕು ನಿಮಿಷ. ಪ್ರಶ್ನೆ ಕೇಳುವ ಕ್ರಮದಲ್ಲೊಂದು ಗುಟ್ಟಿದೆ, ಅದು ನಮ್ಮ ಸೆಂಟರಿನಲ್ಲೇ ಇರಲಿ.

ರಿಪೋರ್ಟಿನ ಕೊನೆಯ ಸಾಲಿಗೆ ಮೂರೇ ಪದ: ಕನ್ಕಾರ್ಡೆಂಟ್ (ಚಿತ್ರಕ್ಕೂ ಲಕ್ಷಣಕ್ಕೂ ತಾಳೆಯಿದೆ), ಪಾರ್ಷಿಯಲ್ (ಅರ್ಧಂಬರ್ಧ), ಡಿಸ್ಕಾರ್ಡೆಂಟ್ (ತಾಳೆಯಿಲ್ಲ). ಪಕ್ಕದಲ್ಲಿ ಕಾರಣ ಕಡ್ಡಾಯ. ಎಲ್4-5ರ, ಅಂದರೆ ಸೊಂಟದ ನಾಲ್ಕು-ಐದನೇ ಮೂಳೆಗಳ ನಡುವಿನ, ಪೋಸ್ಟರೊಲ್ಯಾಟರಲ್ (ಹಿಂಬದಿಯ ಪಕ್ಕಕ್ಕೆ ಚಾಚಿದ) ಡಿಸ್ಕ್ ಎಲ್5 ನರವನ್ನು ಒತ್ತಿ ಹೆಬ್ಬೆರಳು ಸೋತಿದ್ದರೆ ಕನ್ಕಾರ್ಡೆಂಟ್. ಅದೇ ಮಟ್ಟದ ಫೊರಾಮಿನಲ್ (ನರ ಹೊರಬರುವ ಕಿಂಡಿಗೆ ಚಾಚಿದ) ಡಿಸ್ಕ್ ಹಿಡಿಯುವುದು ಎಲ್4 ನರವನ್ನು. ಅಲ್ಲಿ ಮಂಡಿ ರಿಫ್ಲೆಕ್ಸ್ ನೋಡಬೇಕು. ಬರೀ "ಎಲ್4-5 ಡಿಸ್ಕ್" ಎಂದು ಬರೆದರೆ ಸರ್ಜನ್‌ಗೆ ಏನೂ ಸಿಗುವುದಿಲ್ಲ. ನರಕ್ಕೆ ತಾಗಿದೆಯೋ, ಸರಿಸಿದೆಯೋ, ಅಮುಕಿದೆಯೋ ಅದನ್ನೂ ಬರೆಯಬೇಕು. ಡಿಸ್ಕ್ ಸುತ್ತಲೂ ತುಸು ಉಬ್ಬಿರುವ ಬರೀ ಬಲ್ಜ್‌ಗೆ ಕನ್ಕಾರ್ಡೆಂಟ್ ಕೊಡುವುದೇ ಇಲ್ಲ: ನೋವೇ ಇಲ್ಲದವರಲ್ಲೂ 20ರ ವಯಸ್ಸಿಗೆ ಸುಮಾರು 30 ಶೇಕಡ, 80ಕ್ಕೆ 84 ಶೇಕಡ ಜನರಿಗೆ ಬಲ್ಜ್ ಇರುತ್ತದೆ.

ತಾಳೆ ತಪ್ಪಿಸುವ ದೊಡ್ಡ ಶತ್ರು ಟ್ರಾನ್ಸಿಷನಲ್ ವರ್ಟಿಬ್ರಾ, ಸೊಂಟದ್ದೋ ಅದರ ಕೆಳಗಿನ ತ್ರಿಕಾಸ್ಥಿಯದ್ದೋ ಎಂದು ಹೇಳಲಾಗದ ನಡುವಿನ ಮೂಳೆ. ಕೆಳಗಿನಿಂದ ಎಣಿಸಿದರೆ ಒಂದು ಮಟ್ಟ ಆಚೀಚೆಯಾಗಿ, ಬೇರೆ ಕಡೆ ಆಪರೇಷನ್ ಆಗುವ ಅಪಾಯ. ಎಲ್ಲರಿಗೂ ಇಡೀ ಬೆನ್ನಿನ ಲೋಕಲೈಜರ್ (ಜಾಗ ಗುರುತಿಸುವ ಚುಟುಕು ಚಿತ್ರ) ಹಾಕಿ ಸಿ2, ಅಂದರೆ ಕತ್ತಿನ ಎರಡನೇ ಮೂಳೆಯಿಂದ ಎಣಿಸಿ, ಹಾಗೆ ಎಣಿಸಿದ್ದೇವೆಂದು ಬರೆಯುತ್ತೇವೆ. ಹೆಚ್ಚಿಗೆ ಹಿಡಿಯುವುದು ಒಂದೆರಡು ನಿಮಿಷ. ಮಟ್ಟದ ಗೊಂದಲಕ್ಕೆ ಮೊದಲು ಆಗುತ್ತಿದ್ದ ತಿಂಗಳಿಗೆ ಎರಡು ಮೂರು ಪುಕ್ಕಟೆ ಮರುಸ್ಕ್ಯಾನ್, ಒಂದೊಂದಕ್ಕೆ ಐದಾರು ಸಾವಿರದ ನಷ್ಟ, ಹೆಚ್ಚುಕಡಿಮೆ ನಿಂತೇಹೋಗಿದೆ.

ನೋವಿನ ಜಾಗಕ್ಕೆ ಚಿತ್ರದಲ್ಲಿ ಗುರುತಾಗಿ ಕಾಣಲೆಂದು ವಿಟಮಿನ್ ಇ ಕ್ಯಾಪ್ಸೂಲ್ ಅಂಟಿಸಿಯೂ ನೋಡಿದೆ. ಗಂಟು, ಪಕ್ಕೆಲುಬಿನ ನೋವಿಗೆ ಚೆನ್ನ. ಕಾಲಿಗೆ ಹರಿಯುವ ನೋವಿಗೆ ಪ್ರಯೋಜನವಿಲ್ಲ, ನೋವಿರುವುದೊಂದು ಕಡೆ, ಒತ್ತಡವಿರುವುದೊಂದು ಕಡೆ.

ಡಿಸ್ಕಾರ್ಡೆಂಟ್ ಎಂದಷ್ಟೇ ಬರೆದು ಕಳಿಸುತ್ತಿದ್ದಾಗ ಡಾಕ್ಟರುಗಳು ಮುನಿದು ಕೇಸುಗಳು ಇಳಿದವು. ಹಾಗಾಗಿ ಮುಂದೇನು ನೋಡಬೇಕೆಂದೂ ಸೇರಿಸಿದೆ: ತೊಡೆ ಸೇರುವ ಹಿಪ್ ಕೀಲು, ಎಸ್‌ಐ ಜಾಯಿಂಟ್ (ಬೆನ್ನಿನ ಬುಡ ಸೊಂಟದೆಲುಬಿಗೆ ಸೇರುವ ಕೀಲು), ಪಾದದ ನಾಡಿ. ಮೊದಲೆರಡಕ್ಕೆ ದೊಡ್ಡ ಫೀಲ್ಡಿನ ಕರೋನಲ್ ಸ್ಟಿರ್ (ಮುಂದಿನಿಂದ ಕಾಣುವಂತೆ ತೆಗೆದ, ಊತ ಎದ್ದು ತೋರುವ ಚಿತ್ರ) ಒಂದನ್ನು ಅದೇ ಸಿಟ್ಟಿಂಗಿನಲ್ಲಿ ಹಾಕುತ್ತೇವೆ. ಅದಕ್ಕೆ ಬೇರೆ ದುಡ್ಡಿಲ್ಲ.