ಲಗ್ನಪತ್ರಿಕಿ ಅಂತ ವಾಟ್ಸಾಪ್‌ಗೆ ಫೈಲ್ ಬಂದ್ರ ಮೊದಲು ಹೆಸರಿನ ಕಡೀ ಅಕ್ಷರ ನೋಡ್ರಿ

ಹೋದ ಮದುವಿ ಸೀಜನ್‌ದಾಗ ಬ್ಯಾಡಗಿ ಕಡೆ ಇರೋ ನಮ್ಮ ಕಾಕಾನ ಫೋನಿಗೆ ಗುರ್ತಿನವರ ನಂಬರಿಂದನ ಒಂದು ಲಗ್ನಪತ್ರಿಕಿ ಬಂತು, ಮೆಣಸಿನಕಾಯಿ ಮಾರಿದ ರೊಕ್ಕ ಇನ್ನೂ ಅಕೌಂಟ್‌ದಾಗ ಇತ್ತು, ಯಾರ ಮದುವಿ ಅಂತ ನೋಡಾಕ ಒತ್ತಿದ್ರು, ಅದು ಕೇಳಿದ್ದಕ್ಕೆಲ್ಲಾ ಓಕೆ ಒತ್ತಿದ್ರು, ಪತ್ರಿಕಿ ಮಾತ್ರ ತೆರೀಲೇ ಇಲ್ಲ, ಮರುದಿನ ಮುಂಜಾನೆ 48 ಸಾವಿರ ಹೋಗಿತ್ತು. "ನಾ ಓಟಿಪಿ ಯಾರಿಗೂ ಹೇಳಿಲ್ಲೋ ತಮ್ಮಾ" ಅಂತ ಒಂದ ಸಮ ಅಳಾಕತ್ತಿದ್ರು. ಹೇಳೋ ಜರೂರತ್ತನ ಇರ್ಲಿಲ್ರಿ.

ಖರೇ ಪತ್ರಿಕಿ ಅಂದ್ರ ಫೋಟೋ, ವಿಡಿಯೋ ಇಲ್ಲಾಂದ್ರ ಪಿಡಿಎಫ್ ಇರ್ತೈತಿ. ಫೈಲ್ ಹೆಸರಿನ ಕಡೀಕ ಎಪಿಕೆ (.apk) ಅಂತ ಇತ್ತಂದ್ರ ಅದು ಪತ್ರಿಕಿ ಅಲ್ಲ, ಆ್ಯಪ್. ಒಳಗ ಕುಂತು ಎಸ್ಎಂಎಸ್ ಓದಾಕ ಪರ್ಮಿಶನ್ ಕೇಳ್ತೈತಿ, ನೀವು ಕೊಟ್ರಿ ಅಂದ್ರ ಬ್ಯಾಂಕಿನ ಓಟಿಪಿ ಸೀದಾ ಕಳ್ಳನ ಕೈಗೆ, ಮ್ಯಾಲೆ ನಿಮ್ಮ ನಂಬರಿಂದನ ಬೀಗರಿಗೆ, ಗೆಳೆಯಾರಿಗೆ ಅದ ಫೈಲ್ ಹೋಗ್ತೈತಿ, ಹಂಗಾಗಿ ಗುರ್ತಿನ ನಂಬರ್ ಅಂತ ನಂಬಬ್ಯಾಡ್ರಿ, ಒಂದು ಫೋನ್ ಹಚ್ಚಿ ಕೇಳ್ರಿ. ಟ್ರಾಫಿಕ್ ಚಲನ್, ಪಿಎಂ ಕಿಸಾನ್, ಕರೆಂಟ್ ಬಿಲ್ ಹೆಸರಿಲೇನೂ ಇದ ಆಟ ನಡದೈತಿ.

ಒತ್ತೇಬಿಟ್ಟಿದ್ರ? ಮೊದಲು ಫೋನ್ ಏರೋಪ್ಲೇನ್ ಮೋಡಿಗೆ ಹಾಕ್ರಿ, ವೈಫೈನೂ ಬಂದ್ ಮಾಡ್ರಿ. ಮನ್ಯಾಗಿನ ಬ್ಯಾರೆ ಫೋನಿಂದ ಎಟಿಎಂ ಕಾರ್ಡ್ ಹಿಂದ ಇರೋ ಬ್ಯಾಂಕಿನ ನಂಬರಿಗೆ ಹಚ್ಚಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಎಲ್ಲಾ ಬ್ಲಾಕ್ ಮಾಡಸ್ರಿ. ಬ್ಯಾಂಕಿನ ನಂಬರ್ ಗೂಗಲ್‌ದಾಗ ಹುಡಕಬ್ಯಾಡ್ರಿ, ಅಲ್ಲೂ ಕಳ್ಳರ ನಂಬರ್ ಇರ್ತಾವ. ರೊಕ್ಕ ಹೋಗಿತ್ತಂದ್ರ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಹಚ್ರಿ, ಯಾಕಂದ್ರ ಕಳ್ಳರು ಆ ರೊಕ್ಕಾನ ಒಂದು ಅಕೌಂಟಿಂದ ಇನ್ನೊಂದಕ್ಕ ದಾಟಿಸ್ಕೋತ ಹೋಗ್ತಾರ, ಎಟಿಎಂದಾಗ ತಗಿಯೋದ್ರೊಳಗ ಸುದ್ದಿ ಮುಟ್ಟಿದ್ರ ಮಾತ್ರ ತಡದು ನಿಲ್ಲಸಾಕ ಬರ್ತೈತಿ. ನಮ್ಮ ಕಾಕಾ ಮಂದಿ ಏನಂತಾರೋ ಅಂತ ನಾಚಿ ಎರಡು ದಿನ ಯಾರಿಗೂ ಹೇಳಲಿಲ್ಲ, ಅದ ನನಗ ಇವತ್ತಿಗೂ ಹೊಟ್ಯಾಗ ಸಂಕಟ ಆಗ್ತೈತಿ. ಕಳಕೊಂಡವರಿಗೆ ಬೈಬ್ಯಾಡ್ರಿ, ಬೈದ್ರ ಮುಚ್ಚಿಡ್ತಾರ. ಆಮ್ಯಾಲೆ ಸೈಬರ್ ಅಪರಾಧ ನೋಡೋ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ಕಂಪ್ಲೇಂಟ್ ಕೊಡ್ರಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆ ಮೆಸೇಜಿನ ಸ್ಕ್ರೀನ್‌ಶಾಟ್ ಜೋಡಿ ಇರ್ಲಿ. ಫೋಟೋ, ನಂಬರ್ ತಗದಿಟ್ಕೊಂಡು ಫೋನ್ ಫ್ಯಾಕ್ಟರಿ ರೀಸೆಟ್ (ಒಳಗಿಂದೆಲ್ಲಾ ಅಳಿಸಿ ಹೊಸಾ ಫೋನ್ ಹಂಗ) ಮಾಡೋದ ಛಲೋ, ಬರೇ ಆ್ಯಪ್ ಅಳಿಸಿದ್ರ ನನಗ ಧೈರ್ಯ ಬರೂದಿಲ್ಲ.

ಇನ್ನೊಂದೆರಡು ಮಾತು. ರೊಕ್ಕ ಬರಾಕ ಯುಪಿಐ ಪಿನ್ ಬೇಕಾಗಿಲ್ಲ, ಪಿನ್ ಒತ್ತಿದ್ರಿ ಅಂದ್ರ ಹೋಗೋದ. ವಿಡಿಯೋ ಕಾಲ್‌ದಾಗ ಪೊಲೀಸ್ ಡ್ರೆಸ್ ಹಾಕ್ಕೊಂಡು "ಡಿಜಿಟಲ್ ಅರೆಸ್ಟ್" ಅಂದ್ರ ಕಟ್ ಮಾಡ್ರಿ, ಅಂಥಾದ್ದು ಕಾನೂನಿನ್ಯಾಗ ಇಲ್ಲೇ ಇಲ್ಲ.

ಇವತ್ತ ಮನಿಗೆ ಹೋದಮ್ಯಾಲೆ ಅಪ್ಪ ಅವ್ವನ ಫೋನ್ ಇಸ್ಕೊಂಡು ಸೆಟ್ಟಿಂಗ್ಸ್‌ದಾಗ "ಅನ್‌ನೋನ್ ಆ್ಯಪ್ಸ್" ಅಂತ ಹುಡುಕ್ರಿ, ವಾಟ್ಸಾಪ್, ಕ್ರೋಮ್ ಎದುರಿಗಿನ ಬಟನ್ ಆನ್ ಇದ್ರ ಆಫ್ ಮಾಡ್ರಿ, ಹಂಗ 1930 ನಂಬರ್ ಸೇವ್ ಮಾಡಿ ಕೊಡ್ರಿ.