ಹಳೆ ಕೋವಿಯ ಮರ: ಮಳೆಗಾಲಕ್ಕೆ ಮೊದಲೇ ಎಣ್ಣೆ ಹಿಡಿಸಿ

ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿಟ್ಟ ಹಳೆ ಬೋಲ್ಟ್ ರೈಫಲಿನಲ್ಲಿ (ಹಿಡಿ ಎಳೆದು ಗುಂಡು ತುಂಬುವ ಕೋವಿ) ಕಾಸರಗೋಡಿನ ಮಳೆ ಮೊದಲು ಕೆಡಿಸುವುದು ಮರವನ್ನು. ಹೊರಗೆ ಪಾಲಿಶ್ ಎಷ್ಟೇ ಹೊಳೆಯಲಿ, ಒಳಮೈಗೆ ಎಣ್ಣೆ ತಾಗದಿದ್ದರೆ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಮರ ಉಬ್ಬಿ ನಳಿಗೆಯನ್ನು ಒತ್ತುತ್ತದೆ, ಗುರಿ ತಪ್ಪುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಒಣಹವೆ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಮ್ಯಾಗಜಿನ್, ಬೋಲ್ಟ್ ತೆಗೆದು, ನಳಿಗೆ ಖಾಲಿಯಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಬ್ರಿಟಿಷ್ ಸೈನ್ಯದ ಹಳೆ ರೈಫಲ್ ಲೀ-ಎನ್‌ಫೀಲ್ಡ್‌ನ ಮಾದರಿಯಲ್ಲಿ ಮರ ಎರಡು ಭಾಗ. ಮುಂದಿನ ಮರ ಬಿಚ್ಚಿದ ಮೇಲೆಯೇ ಹೆಗಲಿಗೆ ಒರಗುವ ಹಿಂದಿನ ಮರದ, ಅಂದರೆ ಬಟ್‌ನ ಒಳಗಿನ ಉದ್ದ ತಿರುಪಿಗೆ ಕೈ ಹಾಕಬೇಕು. ಹಲವು ಕೋವಿಗಳಲ್ಲಿ ಆ ತಿರುಪಿನ ಚೌಕ ತುದಿ ಮುಂದಿನ ಮರದೊಳಗೆ ಕೂತಿರುತ್ತದೆ. ಅವಸರಪಟ್ಟು ತಿರುಗಿಸಿದರೆ ಮರವೇ ಸೀಳುತ್ತದೆ. ಆಚಾರಿಗೆ ಮರವನ್ನಷ್ಟೇ ಕೊಡಿ. ಲೈಸೆನ್ಸ್ ಇಲ್ಲದವರ ಬಳಿ ಕೋವಿ ಬಿಟ್ಟುಬಂದರೆ 1959ರ ಶಸ್ತ್ರಾಸ್ತ್ರ ಕಾಯ್ದೆ ಇಬ್ಬರನ್ನೂ ಹಿಡಿಯುತ್ತದೆ. ಉಕ್ಕಿಗೆ ಹೊಸ ಬಣ್ಣ, ಟ್ರಿಗರ್ ರಿಪೇರಿ ಪರವಾನಗಿ ಇರುವ ಅಂಗಡಿಯ ಕೆಲಸ.

ಹಳೆ ವಾರ್ನಿಶನ್ನು ಪೇಂಟ್ ರಿಮೂವರ್ ಹಚ್ಚಿ ತೆಗೆಯಿರಿ. ಗಾಜಿನ ಚೂರಿನಲ್ಲಿ ಕೆರೆದರೆ ಏರುತಗ್ಗು ಉಳಿಯುತ್ತದೆ. ಎಣ್ಣೆ ಕುಡಿದು ಕಪ್ಪಾದ ಕಡೆ ಚಾಕ್ ಪುಡಿಯನ್ನು ತಿನ್ನರಿನಲ್ಲಿ ಕಲಸಿ ಮೆತ್ತಿ. ಒಣಗುತ್ತಾ ಅದು ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಎರಡು-ಮೂರು ಸಲ ಬೇಕಾದೀತು, ಬೆಂಕಿಯಿಂದ ದೂರ, ಅಂಗಳದಲ್ಲಿ. ಗುಂಡು ಹಾರಿದಾಗಿನ ಒದೆತ ತಾಳುವ ಜಾಗದಲ್ಲಿ ಮರ ಉಗುರಿಗೇ ತಗ್ಗುವಷ್ಟು ಮೆತ್ತಗಾಗಿದ್ದರೆ ಪಾಲಿಶ್ ದಂಡ. ಹೊಸ ಮರವನ್ನೇ ಹಾಕಿಸಿ. ಬೀಟೆ ಗಟ್ಟಿ, ಆದರೆ ಭಾರ. ತೇಗ ಹಗುರ, ಸೀಳುವ ಭಯವಿದೆ. ಕೂರಿಸುವಾಗ ಉಕ್ಕಿಗೆ ತೆಳ್ಳಗೆ ದೀಪದ ಕಾಡಿಗೆ ಸವರಿ ಒತ್ತಿ, ಮರದಲ್ಲಿ ಕಪ್ಪು ಬಿದ್ದಲ್ಲಿ ಮಾತ್ರ ಕೆತ್ತಬೇಕು.

ತಗ್ಗುಗಳ ಮೇಲೆ ಒದ್ದೆ ಬಟ್ಟೆಯಿಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ಮರದ ಎಳೆ ಉಬ್ಬಿ ಮೇಲೇಳುತ್ತದೆ. ಎಳೆ ಕಡಿದ ಗೀರು ಏಳದು. ಅದನ್ನು ಉಜ್ಜಿಯೇ ತೆಗೆಯಬೇಕು. 120, 180, 240 ನಂಬರಿನ ಸ್ಯಾಂಡ್‌ಪೇಪರು ಕ್ರಮವಾಗಿ, ಎಳೆಯ ದಿಕ್ಕಿನಲ್ಲೇ. ಬಟ್‌ಪ್ಲೇಟಿಗೆ (ಬಟ್‌ನ ತುದಿಯ ಉಕ್ಕಿನ ತಗಡು) ಟೇಪ್ ಸುತ್ತಿ ಅದರ ಜಾಗದಲ್ಲೇ ಇರಲಿ, ಇಲ್ಲದಿದ್ದರೆ ಮರದ ಅಂಚು ಸವೆದು ಉಕ್ಕು ಹೊರಚಾಚುತ್ತದೆ. ಆಮೇಲೆ ಮರ ಒರೆಸಿ ಒದ್ದೆ ಮಾಡಿ, ಒಣಗಿದಾಗ ಎದ್ದ ಎಳೆಗಳನ್ನು 320ರಲ್ಲಿ ತೆಗೆಯಿರಿ.

ಹಸಿ ಅಗಸೆ ಎಣ್ಣೆ ಬೇಡ. ವಾರಗಟ್ಟಲೆ ಒಣಗದೆ ಬೂಷ್ಟು ಹಿಡಿಯುತ್ತದೆ. ಪೇಂಟ್ ಅಂಗಡಿಯ ಕುದಿಸಿದ ಅಗಸೆ ಎಣ್ಣೆ ತನ್ನಿ. ಮೊದಲ ಕೈಗೆ, ಅಂದರೆ ಮೊದಲ ಸಲ ಬಳಿಯುವಾಗ, ಎಣ್ಣೆ, ಟರ್ಪಂಟೈನ್ ಸಮಸಮ. ಈಗ ಬಟ್‌ಪ್ಲೇಟ್ ತೆಗೆದು ಅದರಡಿಯ ಕೊಯ್ದ ತುದಿಗೆ, ನಳಿಗೆ ಕೂರುವ ತೋಡಿಗೆ, ತಿರುಪಿನ ತೂತುಗಳಿಗೆ ಎರಡು ಕೈ. ಹೊರಮೈಗೆ ಬರೀ ಎಣ್ಣೆ, ಕೆಲವೇ ಹನಿ, ಅಂಗೈಯಲ್ಲಿ ತಿಕ್ಕಿ. 15 ನಿಮಿಷ ಬಿಟ್ಟು ಉಳಿದದ್ದನ್ನು ಪೂರ್ತಿ ಒರೆಸಿ. ದಿನಕ್ಕೊಂದರಂತೆ ಆರು ಕೈ ಸಾಕು. ದಪ್ಪಕ್ಕೆ ಬಳಿದರೆ ಮೇಲೆ ಕೆನೆಗಟ್ಟಿ ಅಡಿ ಅಂಟಾಗಿಯೇ ಇರುತ್ತದೆ.

ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹೊರಗೆ ಹರಡಿ ಒಣಗಿಸಿ. ವಾರ ಕಳೆದು ಮರ ಅಂಟದಿದ್ದರೆ ಬಟ್ ಮೊದಲು, ಮುಂದಿನ ಮರ ಆಮೇಲೆ ಜೋಡಿಸಿ.