ಹಳೇ ಕಂಪ್ಯೂಟರ್ ಪತ್ರಿಕೆಗಳನ್ನು ಟೈಪ್ ಮಾಡುತ್ತಾ: ನನ್ನ ಅನುಭವ

ಎಂಬತ್ತರ ದಶಕದ ಕಂಪ್ಯೂಟರ್ ಪತ್ರಿಕೆಗಳ ಹುಚ್ಚು ಇರುವವರು ಸಾಮಾನ್ಯವಾಗಿ ಮುಖಪುಟ ತೋರಿಸಿ ಖುಷಿಪಡುತ್ತಾರೆ. ‘ಕ್ರ್ಯಾಶ್’ಗೆ ಆಲಿವರ್ ಫ್ರೇ ಬರೆದ ರಾಕ್ಷಸರು, ‘ಬೈಟ್’ಗೆ ರಾಬರ್ಟ್ ಟಿನ್ನಿ ಬರೆದ ಚಿತ್ರಗಳು. ಚೆಂದವೇ, ಇಲ್ಲ ಅನ್ನುವುದಿಲ್ಲ. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಹಿಂದಿನ ಪುಟಗಳು. ಸಣ್ಣ ಅಕ್ಷರದಲ್ಲಿ, ಇಕ್ಕಟ್ಟಾದ ಕಾಲಂಗಳಲ್ಲಿ, ಸಾಲುಸಾಲಾಗಿ ಅಚ್ಚಾದ, ಬೇಸಿಕ್ ಎಂಬ ಸರಳ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮ್‌ಗಳು. ಬಿಡುವಾದಾಗಲೆಲ್ಲ ಅವನ್ನು ಇದ್ದದ್ದು ಇದ್ದ ಹಾಗೆ ಟೈಪ್ ಮಾಡುವುದು ನನ್ನ ಹವ್ಯಾಸ. “ಆಫೀಸಲ್ಲಿ ಇಡೀ ದಿನ ಕುಟ್ಟಿದ್ದು ಸಾಲದಾ ನಿಮಗೆ?” ಅಂತ ಮನೆಯಲ್ಲಿ ಕೇಳುತ್ತಾರೆ. ಉತ್ತರ ಕೊಡಲು ಹೋಗಿಲ್ಲ.

ಈ ಪತ್ರಿಕೆಗಳನ್ನು ಬರೀ ತಿರುವಿ ಹಾಕಿದರೆ ಅರ್ಧ ಮಾತ್ರ ಕೈಗೆ ಸಿಗುತ್ತದೆ ಅನ್ನುವುದು ನನ್ನ ಅನಿಸಿಕೆ. ಇಂಟರ್‌ನೆಟ್ ಇಲ್ಲ, ಅಂಗಡಿಯ ಆಟಗಳಿಗೆ ದುಡ್ಡು ಸುರಿಯಬೇಕು. ಆಗ ಪತ್ರಿಕೆಯೇ ಸಾಫ್ಟ್‌ವೇರ್ ಡಬ್ಬಿ. ಅಮೆರಿಕದ ‘ಕಂಪ್ಯೂಟ್ಸ್ ಗೆಜೆಟ್’ 1983ರ ಜುಲೈನಲ್ಲಿ ಶುರುವಾಗಿದ್ದು ಕಮೋಡೋರ್ ಕಂಪನಿಯ ಮನೆ ಕಂಪ್ಯೂಟರ್ ಇದ್ದವರಿಗಾಗಿ. ತಿಂಗಳಿಗೊಂದು ಸಂಚಿಕೆ ಕೊಂಡರೆ ನಾಲ್ಕಾರು ಪ್ರೋಗ್ರಾಮ್ ಮನೆಗೆ ಬಂದ ಹಾಗೆ. ಷರತ್ತು ಒಂದೇ, ಪ್ರತಿ ಅಕ್ಷರವನ್ನೂ ನೀವೇ ಒತ್ತಬೇಕು. ಅದಕ್ಕಿಂತ ಹತ್ತು ವರ್ಷ ಹಿಂದೆಯೇ, 1973ರಲ್ಲಿ, ಡೇವಿಡ್ ಆಲ್ ಬೇಸಿಕ್ ಆಟಗಳನ್ನು ಒಟ್ಟುಮಾಡಿ ಪುಸ್ತಕವಾಗಿ ತಂದಿದ್ದರು. ಗೆಜೆಟ್ ಆ ದಾರಿಯನ್ನು ತಿಂಗಳ ರೂಢಿ ಮಾಡಿತು.

ನಾನು ಮೊದಲು ಕೈ ಹಾಕಿದ್ದೂ ಗೆಜೆಟ್‌ಗೇ. ಸಂಚಿಕೆಗಳ ಸ್ಕ್ಯಾನ್ ಇಂಟರ್‌ನೆಟ್ ಆರ್ಕೈವ್‌ನಲ್ಲಿವೆ, ಯಂತ್ರದ ಬದಲಿಗೆ ಅದರ ಹಾಗೆಯೇ ನಡೆದುಕೊಳ್ಳುವ ವೈಸ್ ಎಂಬ ಎಮ್ಯುಲೇಟರ್ ಪ್ರೋಗ್ರಾಮ್ ಇದೆ. ಇನ್ನೇನು, ಕುಳಿತರಾಯಿತು ಅಂದುಕೊಳ್ಳಬೇಡಿ, ಮೊದಲ ತಕರಾರು ಕೀಬೋರ್ಡಿನದು. ಕಮೋಡೋರ್ 64ರಲ್ಲಿದ್ದ ಕೆಲವು ಕೀಗಳು ನಮ್ಮ ಲ್ಯಾಪ್‌ಟಾಪ್‌ನಲ್ಲಿಲ್ಲ. ವೈಸ್‌ನಲ್ಲಿ ಟ್ಯಾಬ್ ಒತ್ತಿದರೆ ಅದು ಕಂಟ್ರೋಲ್, ಎಡಗಡೆಯ ಕಂಟ್ರೋಲ್ ಒತ್ತಿದರೆ ಅದು ಕಮೋಡೋರ್ ಕೀ, ಎಸ್ಕೇಪ್ ಅಂದರೆ ರನ್-ಸ್ಟಾಪ್. ಕೈಗೆ ರೂಢಿಯಾಗುವವರೆಗೆ ಕಿರಿಕಿರಿಯೇ.

ಎರಡನೆಯದು ಇನ್ನೂ ಮಜಾ. ಕಮೋಡೋರ್‌ನಲ್ಲಿ ‘ಪರದೆ ಅಳಿಸು’ ಅನ್ನುವ ಆಜ್ಞೆಯನ್ನು ಉದ್ಧರಣ ಚಿಹ್ನೆಯೊಳಗೆ ಒತ್ತಿದರೆ ಪರದೆ ಅಳಿಸುವುದಿಲ್ಲ, ಬದಲಿಗೆ ಬಣ್ಣ ತಿರುಗಿಸಿದ ಹೃದಯದ ಗುರುತು ಮೂಡುತ್ತದೆ. ಪ್ರೋಗ್ರಾಮ್ ಓಡುವಾಗ ಆ ಹೃದಯ ಬಂದ ಕಡೆ ಪರದೆ ಖಾಲಿ. ಪ್ರಿಂಟರಿನಿಂದ ಬಂದ ಇಂಥ ಗುರುತುಗಳು ಪತ್ರಿಕೆಯಲ್ಲಿ ಮಸಿಯ ಚುಕ್ಕೆಯ ಹಾಗೆ ಕಾಣುತ್ತಿದ್ದವು. ಹೃದಯವೋ, ಕಳಾವರ್‌ ಎಲೆಯೋ ತಿಳಿಯದೆ ಓದುಗರು ಒದ್ದಾಡುತ್ತಿದ್ದರು. ಗೆಜೆಟ್ ಜಾಣತನ ಮಾಡಿ ಆ ಜಾಗದಲ್ಲೆಲ್ಲ ಪುಷ್ಪಾವರಣದೊಳಗೆ ಕೀಯ ಹೆಸರನ್ನೇ ಅಚ್ಚು ಹಾಕಿತು. ಇಷ್ಟು ಸಣ್ಣ ವಿಷಯಕ್ಕೆ ಆ ಸಂಪಾದಕರಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಇನ್ನು ತಪ್ಪು ಹಿಡಿಯುವ ಬಗೆ. 1983ರ ಅಕ್ಟೋಬರ್‌ನಲ್ಲಿ ಗೆಜೆಟ್ ‘ಆಟೊಮ್ಯಾಟಿಕ್ ಪ್ರೂಫ್‌ರೀಡರ್’ ಎಂಬ ಪುಟ್ಟ ಪ್ರೋಗ್ರಾಮ್ ಕೊಟ್ಟಿತು. ಅದನ್ನು ಮೊದಲು ಟೈಪ್ ಮಾಡಿ ಓಡಿಸಿಟ್ಟರೆ, ಆಮೇಲೆ ಪ್ರತಿ ಸಾಲಿನ ಕೊನೆಗೆ ರಿಟರ್ನ್ ಒತ್ತಿದಾಗ ಪರದೆಯ ಮೂಲೆಯಲ್ಲಿ ಒಂದು ಸಂಖ್ಯೆ ಬರುತ್ತದೆ. ಅಚ್ಚಾದ ಸಾಲಿನ ತುದಿಯಲ್ಲೂ ‘ರೆಮ್’ ಎಂದು ಬರೆದು ಒಂದು ಸಂಖ್ಯೆ ಇರುತ್ತದೆ. ಎರಡೂ ತಾಳೆಯಾದರೆ ಮುಂದಿನ ಸಾಲಿಗೆ ಹೋಗಬಹುದು. ಈ ಪ್ರೋಗ್ರಾಮ್ ಕೂತಿದ್ದ ಜಾಗ ಕ್ಯಾಸೆಟ್‌ಗೆ ಮೀಸಲಾದ ಬಫರ್, ಅಂದರೆ ಮೆಮೊರಿಯ ತಾತ್ಕಾಲಿಕ ಜಾಗ. ಹಾಗಾಗಿ ಡಿಸ್ಕ್ ಇದ್ದವರು ಬಚಾವು. ಕ್ಯಾಸೆಟ್‌ಗೆ ಸೇವ್ ಮಾಡುವವರು ಹುಷಾರಾಗಿರಬೇಕಿತ್ತು.

ಹೊಟ್ಟೆಪಾಡಿಗೆ ಟೆಸ್ಟಿಂಗ್ ಮಾಡುವವನು ನಾನು, ಇಂಥದ್ದು ಕಂಡರೆ ಎಲ್ಲಿ ಸೋಲುತ್ತದೆ ಅಂತ ನೋಡದೆ ಬಿಡುವವನಲ್ಲ. ಇದು ಸಾಲಿನ ಅಕ್ಷರಗಳ ಬೆಲೆಯನ್ನು ಬರೀ ಕೂಡುತ್ತದೆ. ಕೂಡುವುದಕ್ಕೆ ಹಿಂದುಮುಂದು ಗೊತ್ತಾಗುವುದಿಲ್ಲ. ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಒಂದು ನಗುಮುಖ ಬೇಕು ಅನ್ನಿ, ಡೇಟಾ ಸಾಲು ಹೀಗಿರುತ್ತದೆ: 60, 66, 165, 129, 165, 153, 66, 60. ಎಳೆ ಎಣಿಸಿ ಹಾಕುವ ಕಸೂತಿಯ ಹಾಗೆ, ಒಂದೊಂದು ಸಂಖ್ಯೆಯೂ ಒಂದೊಂದು ಅಡ್ಡಸಾಲು; ಅದನ್ನು ಬೈನರಿಯಲ್ಲಿ, ಅಂದರೆ ಬರೀ 0, 1ರಲ್ಲಿ ಬರೆದರೆ 1 ಬಂದ ಕಡೆ ಚುಕ್ಕೆ. 60 ಅಂದರೆ 00111100, ನಡುವಿನ ನಾಲ್ಕು ಚುಕ್ಕೆ, ಅದು ತಲೆಯ ಮೇಲ್ಭಾಗ. ಮೊದಲನೆಯ 165ರಲ್ಲಿ ಎರಡು ಅಂಚು, ಎರಡು ಕಣ್ಣು. ಎರಡನೆಯ 165 ತುಟಿಯ ಎರಡು ತುದಿ, 153 ತುಟಿಯ ತಳ. ಈಗ ಆ ಎರಡನೆಯ 165 ಮತ್ತು 153ನ್ನು ಅದಲುಬದಲು ಮಾಡಿ. ಮುಖ ಗಂಟಿಕ್ಕಿಕೊಳ್ಳುತ್ತದೆ! ಪ್ರೂಫ್‌ರೀಡರ್ ಮಾತ್ರ ಅದೇ ಸಂಖ್ಯೆ ತೋರಿಸಿ ಸುಮ್ಮನಿರುತ್ತದೆ. ಪತ್ರಿಕೆಗೂ ಈ ಕೊರತೆ ಗೊತ್ತಿತ್ತು. 1986ರ ಫೆಬ್ರವರಿಯಲ್ಲಿ ಬಂದ ಹೊಸ ಪ್ರೂಫ್‌ರೀಡರ್ ಅಕ್ಷರದ ಸ್ಥಾನವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಸಂಖ್ಯೆಯ ಬದಲು ಎರಡು ಅಕ್ಷರದ ಗುರುತು ಕೊಟ್ಟಿತು.

ಬೇಸಿಕ್ ಆದರೆ ಓದಿ ಅರ್ಥಮಾಡಿಕೊಳ್ಳುತ್ತಾ ಟೈಪ್ ಮಾಡಬಹುದು. ಯಂತ್ರ ನೇರವಾಗಿ ಓದುವ ಮಷಿನ್ ಕೋಡ್ ಬಂದರೆ ಪುಟ ತುಂಬ ಬರೀ ಅಂಕಿ. ಅದಕ್ಕೆಂದೇ ಎಮ್‌ಎಲ್‌ಎಕ್ಸ್ ಎಂಬ ಇನ್ನೊಂದು ಪ್ರೋಗ್ರಾಮ್ ಇತ್ತು. ಸಾಲಿಗೆ ಆರು ಸಂಖ್ಯೆ, ಏಳನೆಯದು ತಾಳೆಗೆ. ತಪ್ಪಾದರೆ ಗೊರ್ ಎಂದು ಸದ್ದು ಮಾಡಿ ಅದೇ ಸಾಲನ್ನು ಮತ್ತೆ ಕೇಳುತ್ತದೆ. 1984ರ ಜನವರಿ ಸಂಚಿಕೆಯಲ್ಲಿ ಚಾರ್ಲ್ಸ್ ಬ್ರ್ಯಾನನ್ ಬರೆದ ‘ಸ್ಪೀಡ್‌ಸ್ಕ್ರಿಪ್ಟ್’ ಬಂತು. ಸುಮಾರು 5 ಕಿಲೋಬೈಟಿನ ಪೂರ್ತಿ ವರ್ಡ್ ಪ್ರೊಸೆಸರ್. ಸಾಲಿಗೆ ಆರರಂತೆ ಅಂದರೆ ಎಂಟುನೂರಕ್ಕೂ ಮಿಕ್ಕಿದ ಸಾಲು. ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗಳನ್ನು ಓದಿ ಹೇಳಲು ಕೂರಿಸಿಕೊಂಡೆ. ಸ್ಕ್ಯಾನ್ ಮಂಕಾದ ಕಡೆಯೆಲ್ಲ “ಮಾಮ, ಇದು ಮೂರಾ ಎಂಟಾ?” ಅಂತ ಕೇಳುತ್ತಿದ್ದಳು. “ಎಂಟು ಅಂತ ಒತ್ತೋಣ, ಬೈದರೆ ಮೂರು” ಅಂತ ನಾನು. ಎಮ್‌ಎಲ್‌ಎಕ್ಸ್ ಬೈದಾಗಲೆಲ್ಲ ಅವಳಿಗೆ ಪರಮ ಸಂತೋಷ. ಮುಗಿದ ಮೇಲೆ ಅದರಲ್ಲೇ ಅಕ್ಕನಿಗೊಂದು ಪತ್ರ ಬರೆದಳು. ಆ ಕಾಲದ ಮನೆಗಳಲ್ಲಿ ಇದು ಇಬ್ಬರ ಕೆಲಸವಾಗಿತ್ತು, ಒಬ್ಬರು ಓದುವುದು, ಇನ್ನೊಬ್ಬರು ಒತ್ತುವುದು. ಯಾಕೆ ಅಂತ ನನಗೆ ಅವತ್ತು ಬೆನ್ನು, ಕುತ್ತಿಗೆ ಎರಡೂ ಸೇರಿ ವಿವರಿಸಿದವು.

ಬ್ರಿಟನ್ನಿನ ಪತ್ರಿಕೆಗಳದ್ದು ಬೇರೆಯೇ ಲೋಕ. ಅಲ್ಲಿ ರಾಜ್ಯಭಾರ ಸಿಂಕ್ಲೇರ್‌ನ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆ ಕಂಪ್ಯೂಟರಿನದು. 1982ರ ಏಪ್ರಿಲ್‌ನಲ್ಲಿ ಬಂದಾಗ 16ಕೆ ಮಾದರಿಗೆ 125 ಪೌಂಡ್, 48ಕೆ ಮಾದರಿಗೆ 175. ಇದರಲ್ಲಿ ಪ್ರಿಂಟ್ ಎಂದು ಐದು ಅಕ್ಷರ ಒತ್ತುವಂತಿಲ್ಲ, ‘ಪಿ’ ಒತ್ತಿದರೆ ಇಡೀ ಪದ ಬರುತ್ತದೆ. ‘ಜೆ’ ಒತ್ತಿದರೆ ಲೋಡ್. ನನ್ನಂಥ ಹತ್ತು ಬೆರಳಿನ ಟೈಪಿಸ್ಟ್‌ಗೆ ಇದು ಶಿಕ್ಷೆ, ಒಂದೇ ಬೆರಳಲ್ಲಿ ಹುಡುಕಿ ಒತ್ತುವ ಹುಡುಗರಿಗೆ ವರ. ಸಿಂಕ್ಲೇರ್‌ನ ಪ್ರಿಂಟರ್ ಬೆಳ್ಳಿ ಬಣ್ಣದ ಕಾಗದವನ್ನು ಕಿಡಿಯಿಂದ ಸುಟ್ಟು ಅಕ್ಷರ ಮೂಡಿಸುತ್ತಿತ್ತು. ಆ ಚೀಟಿಯ ಫೋಟೋ ತೆಗೆದು ಹಾಗೇ ಅಚ್ಚು ಹಾಕಿದ ಲಿಸ್ಟಿಂಗ್‌ಗಳ ಸ್ಕ್ಯಾನ್ ಓದುವುದು ಕಣ್ಣಿಗೆ ಮಾಡುವ ದ್ರೋಹ. ಅಂಥವನ್ನು ನಾನು ಕೈಬಿಟ್ಟಿದ್ದೇನೆ.

ಆದರೆ ಓದಲು ಬ್ರಿಟನ್ನಿನವೇ ಮೇಲು. ‘ಕ್ರ್ಯಾಶ್’ 1984ರಲ್ಲಿ ಶುರುವಾದದ್ದು ಲಂಡನ್ನಿನಿಂದಲ್ಲ, ಶ್ರಾಪ್‌ಶೈರ್‌ನ ಲಡ್ಲೋ ಎಂಬ ಪುಟ್ಟ ಪೇಟೆಯಿಂದ. ಒಂದೇ ಆಟಕ್ಕೆ ಹಲವರ ಅಭಿಪ್ರಾಯ, ಕೊನೆಗೆ ಶೇಕಡಾ ಲೆಕ್ಕದಲ್ಲಿ ಅಂಕ. ಓದುಗರ ಪತ್ರಗಳಿಗೆ ಉತ್ತರ ಕೊಡುತ್ತಿದ್ದ ಲಾಯ್ಡ್ ಮ್ಯಾಂಗ್ರಮ್ ಎಂಬ ಮನುಷ್ಯ ಇರಲೇ ಇಲ್ಲ, ಅದು ಕಚೇರಿಯವರು ಹೊದ್ದುಕೊಂಡಿದ್ದ ಹೆಸರು. ವಿಮರ್ಶೆಗಳಿಗಿಂತ ನನಗೆ ರುಚಿಸುವುದು ಪೋಕ್‌ಗಳ ಪುಟ. ಪೋಕ್ ಅಂದರೆ ಯಂತ್ರದ ಮೆಮೊರಿಯ ಒಂದು ಜಾಗದ ಸಂಖ್ಯೆಯನ್ನು ಬದಲಿಸುವ ಆಜ್ಞೆ. ಮ್ಯಾನಿಕ್ ಮೈನರ್ ಆಟಕ್ಕೆ ಪೋಕ್ 35136,0 ಹಾಕಿದರೆ ಎಷ್ಟು ಸತ್ತರೂ ಜೀವ ಮುಗಿಯುವುದಿಲ್ಲ. ಆ ಆಟ ಬರೆದ ಮ್ಯಾಥ್ಯೂ ಸ್ಮಿತ್ 1984ರಲ್ಲಿ ತಂದ ಜೆಟ್ ಸೆಟ್ ವಿಲ್ಲಿ ದೋಷವಿದ್ದೇ ಮಾರುಕಟ್ಟೆಗೆ ಬಂತು. ಅಟ್ಟದ ಕೋಣೆಗೆ ಹೋಗಿಬಂದರೆ ಆಟ ಕೆಡುತ್ತಿತ್ತು, ಇದ್ದ ಹಾಗೆ ಅದನ್ನು ಮುಗಿಸುವುದೇ ಅಸಾಧ್ಯ. ಅದಕ್ಕೆ ಪರಿಹಾರದ ಪೋಕ್‌ಗಳು ಜನರಿಗೆ ತಲುಪಿದ್ದು ಪತ್ರಿಕೆಗಳ ಮೂಲಕ. ಈಗ ರಾತ್ರಿ ತಾನಾಗಿ ಇಳಿದುಕೊಳ್ಳುವ ಅಪ್‌ಡೇಟ್ ಅನ್ನು ಆಗ ಅಂಚೆಯವನು ತಂದುಕೊಡುತ್ತಿದ್ದ.

ಜಾಹೀರಾತುಗಳನ್ನೂ ಬಿಡಬೇಡಿ. 1982ರಲ್ಲಿ 595 ಡಾಲರ್ ಇದ್ದ ಕಮೋಡೋರ್ 64, ಮರುವರ್ಷದ ನಡುವಿಗೆ 200ರ ಆಸುಪಾಸಿಗೆ ಇಳಿದಿತ್ತು. ಆ ಬೆಲೆ ಸಮರದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1983ರ ಅಕ್ಟೋಬರ್‌ನಲ್ಲಿ ಮನೆ ಕಂಪ್ಯೂಟರ್ ಸಹವಾಸವೇ ಬೇಡವೆಂದು ಕೈತೊಳೆದುಕೊಂಡಿತು. ತಿಂಗಳವಾರು ಸಂಚಿಕೆಗಳನ್ನು ಪಕ್ಕಪಕ್ಕ ಇಟ್ಟು ಅಂಚೆ ಮೂಲಕ ಮಾರುವವರ ಪುಟಗಳನ್ನಷ್ಟೇ ನೋಡುತ್ತಾ ಹೋಗಿ, ಈ ಕಥೆಯೆಲ್ಲ ಅಲ್ಲೇ ಸಿಗುತ್ತದೆ. ಒಂದು ಎಚ್ಚರ: ಮುಖಪುಟದ ತಿಂಗಳನ್ನು ನಂಬಬೇಡಿ. ಒಳಗಿನ ಬರಹ, ಬೆಲೆ ಎಲ್ಲ ಒಂದೆರಡು ತಿಂಗಳು ಹಿಂದಿನವು.

ನಮ್ಮಲ್ಲಿಗೆ ಇವೆಲ್ಲ ತಡವಾಗಿ, ಚೂರುಚೂರಾಗಿ ಬಂದವು. 1984ರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸುವ ಸರ್ಕಾರದ ಕ್ಲಾಸ್ ಯೋಜನೆಯಡಿ ಕೆಲವು ಶಾಲೆಗಳಿಗೆ ಬಿಬಿಸಿ ಮೈಕ್ರೋ ಎಂಬ ಬ್ರಿಟಿಷ್ ಕಂಪ್ಯೂಟರ್ ಬಂತು. ಆಮೇಲೆ ಡೆಸಿಬೆಲ್ಸ್ ಕಂಪನಿ ‘ಡಿಬಿ ಸ್ಪೆಕ್ಟ್ರಮ್’ ಹೆಸರಲ್ಲಿ ಸಿಂಕ್ಲೇರ್ ಯಂತ್ರವನ್ನು ಭಾರತದಲ್ಲಿ ಮಾರಿತು. ನನ್ನ ವಯಸ್ಸಿನವರಿಗೆ ಪತ್ರಿಕೆಯಿಂದ ಸಾಫ್ಟ್‌ವೇರ್ ಸಿಕ್ಕಿದ್ದು ಇನ್ನೂ ಆಮೇಲೆ, ತೊಂಬತ್ತರ ದಶಕದಲ್ಲಿ ‘ಪಿಸಿ ಕ್ವೆಸ್ಟ್’ ಜೊತೆ ಲಿನಕ್ಸ್ ಸಿಡಿ ಬಂದಾಗ. ಟೈಪ್ ಮಾಡುವ ಕಷ್ಟ ನಮಗೆ ತಪ್ಪಿತು, ಅದರ ಮಜವೂ ತಪ್ಪಿತು.

ಕೈ ಹಾಕುವ ಮನಸ್ಸಿದ್ದರೆ 1986ರ ಫೆಬ್ರವರಿಯ ನಂತರದ ಗೆಜೆಟ್ ಸಂಚಿಕೆ ಆರಿಸಿಕೊಳ್ಳಿ, ಹೊಸ ಪ್ರೂಫ್‌ರೀಡರ್ ಇರುತ್ತದೆ. ಮೂರು-ಎಂಟು ಬೇರೆಬೇರೆ ಕಾಣುವಷ್ಟು ಸ್ಕ್ಯಾನ್ ಚೊಕ್ಕವಾಗಿರಲಿ. ಪುಟವನ್ನು ಸ್ವಲ್ಪ ದೊಡ್ಡದು ಮಾಡಿ ಪ್ರಿಂಟ್ ತೆಗೆದು, ಅಳತೆಪಟ್ಟಿ ಇಟ್ಟುಕೊಂಡು ಸಾಲು ಹಿಡಿಯಿರಿ. ಮೊದಲಿಗೆ ಒಂದು ಪುಟ ಮೀರದ ಬೇಸಿಕ್ ಆಟವೇ ಸಾಕು. ಹತ್ತು ಸಾಲಿಗೊಮ್ಮೆ ಸೇವ್ ಮಾಡಿ. ಎಮ್ಯುಲೇಟರ್ ಆದರೂ ಬೆಸ್ಕಾಂನವರು ಕೇಳಬೇಕಲ್ಲ.